ಕ್ಯಾಲ್ಹೂನ್ ಮನೆಯ ಪಚ್ಚೆಹಾರ: ಹುಡುಕುತ್ತಿರುವುದು ಹಾರವನ್ನೋ, ಮುತ್ತಜ್ಜಿಯನ್ನೋ?

ತುಂಗಾತೀರದವಳು

ನೋರಾ ರಾಬರ್ಟ್ಸ್ ಬರೆದ ಕ್ಯಾಲ್ಹೂನ್ ಸೋದರಿಯರ ಕಥೆಯನ್ನು ಈ ಮಳೆಗಾಲದಲ್ಲಿ ಮತ್ತೆ ಮೊದಲಿನಿಂದ ಓದಿದೆ. ಕಾಲೇಜಿನ ದಿನಗಳಲ್ಲಿ ಬಾಡಿಗೆ ಗ್ರಂಥಾಲಯದಿಂದ ತಂದು, ರಾತ್ರಿಗೊಂದರಂತೆ ಮುಗಿಸಿ, ಬೆಳಿಗ್ಗೆ ಹಿಂದಿರುಗಿಸಿದ್ದ ಪುಸ್ತಕಗಳು ಇವು. ಆಗ ಪ್ರೇಮಕಥೆ ಎಂದುಕೊಂಡು ಓದಿದ್ದೆ. ಈಗ ಓದಿದಾಗ ಬೇರೆಯೇ ಏನೋ ಕಂಡಿತು. ಅದಕ್ಕಾಗಿಯೇ ಈ ಚರ್ಚೆ.

ಓದದವರಿಗಾಗಿ ಎರಡು ಮಾತು. ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ರಾಜ್ಯ. ಅಲ್ಲಿ ಬಾರ್ ಹಾರ್ಬರ್ ಎಂಬ ಕಡಲತಡಿಯ ಊರು. ಬಂಡೆಯ ನೆತ್ತಿಯ ಮೇಲೆ 'ದಿ ಟವರ್ಸ್' ಎಂಬ ದೊಡ್ಡ ಮನೆ. ಐರಿಶ್ ಮೂಲದ ಕ್ಯಾಲ್ಹೂನ್ ಮನೆತನ ಒಂದು ಕಾಲಕ್ಕೆ ಅಲ್ಲಿ ಮೆರೆದಿತ್ತು. ಈಗ ಮಾಡು ಸೋರುತ್ತದೆ, ರಿಪೇರಿಗೆ ದುಡ್ಡಿಲ್ಲ. ಉಳಿದಿರುವವರು ನಾಲ್ವರು ಅಕ್ಕತಂಗಿಯರು. ಕಿರಿಯವಳು ಕ್ಯಾಥರಿನ್ ಕಾರು ರಿಪೇರಿ ಮಾಡುವ ಮೆಕ್ಯಾನಿಕ್. ಅಮಾಂಡಾ ಹೋಟೆಲಿನ ಉದ್ಯೋಗಿ. ಲೈಲಾ ಅಕೇಡಿಯಾ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವವಳು. ಹಿರಿಯವಳು ಸುಝಾನಾ ಗಂಡನಿಂದ ಬೇರೆಯಾಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು, ತೋಟದ ಕೆಲಸದಿಂದ ಬದುಕು ಮತ್ತೆ ಕಟ್ಟುತ್ತಿರುವವಳು. ತಂದೆತಾಯಿ ತೀರಿಕೊಂಡ ಮೇಲೆ ಇವರನ್ನು ಸಾಕಿದವಳು 'ಆಂಟ್' ಕೋಕೋ.

ಹಿಂದಿನ ಕಥೆ ಇನ್ನೊಂದಿದೆ. 1912ರ ಬೇಸಿಗೆಯಲ್ಲಿ ಇವರ ಮುತ್ತಜ್ಜಿ ಬಿಯಾಂಕಾ ಕಡಲ ಬಂಡೆಗಳ ಮೇಲೆ ಕ್ರಿಶ್ಚಿಯನ್ ಎಂಬ ಬಡ ಚಿತ್ರಕಾರನನ್ನು ಕಾಣುತ್ತಾಳೆ. ಮರುವರ್ಷ ಅದೇ ಮನೆಯ ಗೋಪುರದ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಗಂಡ ಫರ್ಗಸ್ ಕೊಟ್ಟಿದ್ದ ಪಚ್ಚೆಹಾರ ಅಂದಿನಿಂದ ಕಾಣೆ. ಅದನ್ನು ಹುಡುಕುವ ಸೋದರಿಯರು, ಅದರ ಹಿಂದೆ ಬಿದ್ದ ಕಳ್ಳ, ನಾಲ್ಕು ಪುಸ್ತಕ, ನಾಲ್ಕು ಪ್ರೇಮ.

ನನ್ನ ಪ್ರಶ್ನೆ ಇಷ್ಟೇ. ಎಲ್ಲರೂ 'ಹಾರ ಎಲ್ಲಿದೆ' ಎಂಬುದನ್ನೇ ಕಥೆಯ ಗಂಟು ಎನ್ನುತ್ತಾರೆ. ನನಗೆ ಗಂಟು ಬೇರೆ ಕಡೆ ಇದೆ ಎನಿಸುತ್ತದೆ. ಸುಮಾರು ಎಂಬತ್ತು ವರ್ಷ ಒಂದು ಮನೆ ತನ್ನ ಹೆಣ್ಣೊಬ್ಬಳ ಬಗ್ಗೆ ಬಾಯಿ ಬಿಡಲಿಲ್ಲವಲ್ಲ, ಏಕೆ? ನಿಮಗೇನನ್ನಿಸುತ್ತದೆ? ಹಾರ ಕೊನೆಗೆ ಎಲ್ಲಿ ಸಿಕ್ಕಿತು ಎಂಬುದನ್ನು ಮಾತ್ರ ಯಾರೂ ಇಲ್ಲಿ ಬರೆಯಬೇಡಿ. ಓದದವರೂ ಇದ್ದಾರೆ.

ಹಳೇ ಪತ್ತೇದಾರ

ಅಮ್ಮಾ, ನಾನು ಮೊದಲ ಎರಡನ್ನು ಓದಿ ಕೈಬಿಟ್ಟವನು. ಕಾರಣ ಹೇಳುತ್ತೇನೆ, ಬೇಸರಿಸಬೇಡಿ. ಪತ್ತೇದಾರಿ ಕಥೆಗೆ ಒಂದು ಧರ್ಮವಿದೆ. ಓದುಗನ ಕಣ್ಣೆದುರೇ ಸುಳಿವನ್ನು ಇಟ್ಟು, ಅವನು ನೋಡದಂತೆ ಮಾಡಬೇಕು. ಇಲ್ಲಿ ಎರಡನೆಯ ಪುಸ್ತಕದಲ್ಲಿ ಲಿವಿಂಗ್‌ಸ್ಟನ್ ಎಂಬ ನಯವಾದ ಮಾತಿನ ಗಂಡಸು ಹೋಟೆಲಿಗೆ ಬಂದು ಇಳಿದ ಕೂಡಲೇ ಇವನೇ ಕಳ್ಳ ಎಂದು ನನಗೆ ಗೊತ್ತಾಯಿತು. ಅವನು ಮನೆಯ ಹಳೆಯ ಕಾಗದಪತ್ರಗಳನ್ನು ಹೊತ್ತುಕೊಂಡು ಓಡುತ್ತಾನೆ. ಸರಿ. ಆಮೇಲೆ? ಓದುಗನಿಗೆ ಕಳ್ಳ ಯಾರೆಂದು ತಿಳಿದಿರುತ್ತದೆ, ಯಾವ ಹುಡುಗಿಗೆ ಯಾವ ಹುಡುಗ ಎಂದೂ ತಿಳಿದಿರುತ್ತದೆ. ಎರಡೂ ಗೊತ್ತಾದ ಮೇಲೆ ಪುಟ ಮಗುಚಲು ಕಾರಣವಾದರೂ ಏನು?

ಪ್ರೇಮ ಬಂದಲ್ಲೆಲ್ಲ ರಹಸ್ಯ ತೆಳ್ಳಗಾಗುತ್ತದೆ ಎಂಬುದು ನನ್ನ ಅನುಭವ. ಬಂಡೆಯ ಮೇಲೆ ಇಬ್ಬರು ಕೈಕೈ ಹಿಡಿದು ನಿಂತಿರುವಾಗ ಕಳ್ಳ ಪಾಪ ಪೊದೆಯಲ್ಲಿ ಹತ್ತು ಪುಟ ಕಾಯಬೇಕಾಗುತ್ತದೆ.

ಹಳೆ ಪುಸ್ತಕದಂಗಡಿ

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರಿದ ಅನುಭವದಿಂದ ಒಂದು ವಿಷಯ ಸೇರಿಸುತ್ತೇನೆ. ಪತ್ತೇದಾರ ಸರ್ ಹೇಳುವುದಕ್ಕೆ ಅದರಲ್ಲಿ ಅರ್ಧ ಉತ್ತರವಿದೆ.

ಈ ನಾಲ್ಕು ಪುಸ್ತಕಗಳೂ 1991ರಲ್ಲೇ ಬಂದವು, ಆದರೆ ಒಂದೇ ಮಾಲೆಯಲ್ಲಿ ಬರಲಿಲ್ಲ. ಪ್ರಕಾಶಕರು ಸಿಲೂಯೆಟ್. ಅವರಲ್ಲಿ ಬೇರೆ ಬೇರೆ ರುಚಿಯ ಓದುಗರಿಗೆ ಬೇರೆ ಬೇರೆ ಮಾಲೆಗಳಿದ್ದವು. ಕ್ಯಾಥರಿನ್ ಕಥೆ 'ರೊಮಾನ್ಸ್' ಮಾಲೆಯಲ್ಲಿ, ಅಮಾಂಡಾಳದು 'ಡಿಸೈರ್'ನಲ್ಲಿ, ಲೈಲಾಳದು 'ಸ್ಪೆಷಲ್ ಎಡಿಷನ್'ನಲ್ಲಿ, ಸುಝಾನಾಳದು 'ಇಂಟಿಮೇಟ್ ಮೊಮೆಂಟ್ಸ್'ನಲ್ಲಿ. ಒಂದು ಮಾಲೆಗೆ ಅಂಟಿಕೊಂಡ ಓದುಗಿ ಕಥೆಯ ತುದಿ ಮುಟ್ಟಬೇಕಾದರೆ ಉಳಿದ ಮೂರು ಮಾಲೆಗಳ ಬಾಗಿಲನ್ನೂ ತಟ್ಟಬೇಕು. ವ್ಯಾಪಾರದ ಜಾಣತನ ಅದು, ಒಪ್ಪುತ್ತೇನೆ. ಆದರೆ ಬರಹಗಾರ್ತಿಗೆ ಅದೊಂದು ಕಟ್ಟಳೆಯೂ ಹೌದು. 'ರೊಮಾನ್ಸ್' ಮಾಲೆಯ ಪುಸ್ತಕ ಮೃದುವಾಗಿರಬೇಕು, ಅಲ್ಲಿ ಭಯಕ್ಕೆ ಹೆಚ್ಚು ಜಾಗವಿಲ್ಲ. 'ಇಂಟಿಮೇಟ್ ಮೊಮೆಂಟ್ಸ್'ನಲ್ಲಿ ಅಪಾಯ, ಪೊಲೀಸು, ಬಂದೂಕು ಎಲ್ಲಕ್ಕೂ ಅವಕಾಶವಿತ್ತು. ಅದಕ್ಕೇ ನಾಲ್ಕನೆಯದರಲ್ಲಿ ನಾಯಕ ಹೋಲ್ಟ್ ಕೆಲಸ ಬಿಟ್ಟ ಪೊಲೀಸನಾಗಿದ್ದಾನೆ. ನೀವು ಎರಡು ಓದಿ ನಿಲ್ಲಿಸಿದ್ದು, ಸರ್, ಪಲ್ಲವಿ ಮುಗಿಯುವ ಮೊದಲೇ ಕಚೇರಿಯಿಂದ ಎದ್ದು ಹೋದಂತೆ.

ಇನ್ನೊಂದು. ಲೇಖಕಿ ಹುಟ್ಟಿದ್ದು 1950ರಲ್ಲಿ, ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಐರಿಶ್ ಮೂಲದ ಮನೆಯಲ್ಲಿ. ಐವರು ಮಕ್ಕಳಲ್ಲಿ ಕೊನೆಯವರು. 1979ರ ಫೆಬ್ರವರಿಯಲ್ಲಿ ಹಿಮ ಸುರಿದು ಮನೆಯಿಂದ ಹೊರಬರಲಾಗದೆ ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ಕೂತಿದ್ದಾಗ ಪೆನ್ಸಿಲ್ ಹಿಡಿದು ಬರೆಯತೊಡಗಿದವರು. 1981ರಲ್ಲಿ ಬಂದ ಅವರ ಮೊದಲ ಪುಸ್ತಕದ ನಾಯಕಿಯೂ ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದ ಹುಡುಗಿ. ಐರಿಶ್ ಕುಟುಂಬ ಅವರಿಗೆ ಹೊರಗಿನಿಂದ ತಂದ ಅಲಂಕಾರವಲ್ಲ.

ಇತಿಹಾಸದ ಮೇಷ್ಟ್ರು

ಇಲ್ಲಿ ನನ್ನದೊಂದು ತಕರಾರಿದೆ. ಈ ಕಾದಂಬರಿಗಳ ಕುಟುಂಬ ಎಷ್ಟರ ಮಟ್ಟಿಗೆ ಐರಿಶ್? ಮುಂಗೋಪ, ಹಟ, ಕೆಂಪು ಕೂದಲು, ಮಾತಿನ ಚಾಲಾಕಿ, ಇಷ್ಟನ್ನೇ ಐರಿಶ್ ಎನ್ನುವುದಾದರೆ ಅದು ಬಣ್ಣ ಮಾತ್ರ. 1912ರಲ್ಲಿ ಬಾರ್ ಹಾರ್ಬರಿನಲ್ಲಿ ಐರಿಶ್ ಆಗಿರುವುದೆಂದರೆ ಏನು ಎಂಬುದನ್ನು ನೋಡಬೇಕು.

ಐರ್ಲೆಂಡಿನಲ್ಲಿ 1845ರಿಂದ 1852ರವರೆಗೆ ಆಲೂಗಡ್ಡೆಗೆ ಕೊಳೆರೋಗ ಬಂದು ಮಹಾಕ್ಷಾಮವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಆ ಬಳಿಕದ ವಲಸೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಒಂಟಿಯಾಗಿ ಬಂದದ್ದು ಐರಿಶರ ವಿಶೇಷ. ಬೇರೆ ದೇಶದವರಲ್ಲಿ ಗಂಡಸರು ಮೊದಲು ಬಂದರೆ ಇವರಲ್ಲಿ ಹೆಣ್ಣುಮಕ್ಕಳೇ ಬಂದು, ಧನಿಕರ ಮನೆಗಳಲ್ಲಿ ಅಡುಗೆಗೆ, ಕಸಮುಸುರೆಗೆ, ಮಕ್ಕಳನ್ನು ನೋಡಿಕೊಳ್ಳಲು ನಿಂತರು. ಒಡತಿಯರು ಅವರೆಲ್ಲರನ್ನೂ 'ಬ್ರಿಜೆಟ್' ಎಂಬ ಒಂದೇ ಹೆಸರಿನಲ್ಲಿ ಕರೆಯುವಷ್ಟು ಅದು ರೂಢಿಯಾಗಿತ್ತು. ಬಾರ್ ಹಾರ್ಬರಿನಂಥ ಬೇಸಿಗೆಯ ಊರುಗಳಲ್ಲಿ ಐರಿಶ್ ಎಂದರೆ ಹಿಂಬಾಗಿಲಿನಿಂದ ಒಳಗೆ ಬರುವವರು. ಮುಂಬಾಗಿಲಿನ ಒಡೆಯ ಐರಿಶ್ ಆಗಿರುವುದು ಅಪರೂಪದಲ್ಲಿ ಅಪರೂಪ.

ದುಡ್ಡಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಮುಂದೆ ರಾಷ್ಟ್ರಾಧ್ಯಕ್ಷನಾದ ಕೆನಡಿಯ ತಂದೆ ಆಗಲೇ ದೊಡ್ಡ ಸಾಹುಕಾರ. 1922ರಲ್ಲಿ ಬಾಸ್ಟನ್ ಬಳಿಯ ಕೊಹ್ಯಾಸೆಟ್‌ನಲ್ಲಿ ಬೇಸಿಗೆಗೆಂದು ಮನೆ ಹಿಡಿದಾಗ ಅಲ್ಲಿನ ಕ್ಲಬ್ಬು ಅವರನ್ನು ಸೇರಿಸಿಕೊಳ್ಳಲಿಲ್ಲ. ಹಾಗಾದರೆ ಅದಕ್ಕಿಂತ ಹತ್ತು ವರ್ಷ ಹಿಂದೆ ಫರ್ಗಸ್ ಕ್ಯಾಲ್ಹೂನ್ ಹೇಗೆ ಮೆರೆದ?

ಉತ್ತರ ಅವನ ಹೆಸರಿನಲ್ಲೇ ಇರಬಹುದು. 'ಐರಿಶ್ ಅಮೆರಿಕನ್' ಎನ್ನುವಲ್ಲಿ ಎರಡು ಕವಲುಗಳಿವೆ. ಕ್ಷಾಮದ ಕಾಲದಲ್ಲಿ ಬಂದ ಕ್ಯಾಥೊಲಿಕ್ ಬಡವರದು ಒಂದು. ಅವರಿಗಿಂತ ನೂರು ವರ್ಷ ಮೊದಲೇ ಉತ್ತರ ಐರ್ಲೆಂಡಿನ ಅಲ್ಸ್ಟರ್‌ನಿಂದ ಬಂದ, ಮೂಲದಲ್ಲಿ ಸ್ಕಾಟ್ಲೆಂಡಿನವರಾದ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದವರದು ಇನ್ನೊಂದು. ಕ್ಯಾಲ್ಹೂನ್ ಎಂಬುದು ಹೆಚ್ಚಾಗಿ ಈ ಎರಡನೆಯವರ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಉಪಾಧ್ಯಕ್ಷನಾಗಿದ್ದ ಜಾನ್ ಸಿ. ಕ್ಯಾಲ್ಹೂನ್‌ನ ತಂದೆ ಹುಟ್ಟಿದ್ದು ಅದೇ ಅಲ್ಸ್ಟರ್‌ನ ಡೊನೆಗಾಲ್‌ನಲ್ಲಿ. ಕಾದಂಬರಿ ಈ ಭೇದದ ಗೊಡವೆಗೇ ಹೋಗುವುದಿಲ್ಲ. ಹೋಗಿದ್ದರೆ ಫರ್ಗಸ್‌ನ ಕಾಠಿಣ್ಯಕ್ಕೆ ಒಂದು ಬೇರು ಸಿಗುತ್ತಿತ್ತು. ಹೊರಗಿನವನೆಂದು ಯಾರಾದರೂ ಬೆರಳು ತೋರಿಸಿಯಾರು ಎಂಬ ಅಂಜಿಕೆಯಿಂದ ಬದುಕುವವನು ಮನೆಯ ಮಾನವನ್ನು ಹೆಂಡತಿಯ ಕೊರಳಿಗೆ ಕಟ್ಟುತ್ತಾನೆ.

ತುಂಗಾತೀರದವಳು

ಮೇಷ್ಟ್ರೇ, ನಿಮ್ಮ ಕೊನೆಯ ವಾಕ್ಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಮನೆಯ ಮಾತು ಒಂದನ್ನು ಹೇಳಲೇ? ಅಟ್ಟದ ಮೇಲೆ ಹಳೆಯ ಹಿತ್ತಾಳೆ ಪಾತ್ರೆಗಳ ನಡುವೆ ಒಂದು ಚೊಂಬು ಇತ್ತು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಹೆಣ್ಣಿನ ಹೆಸರು. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜುತ್ತಾ ಇದು ಯಾರದು ಎಂದು ಕೇಳಿದೆ. ಅಮ್ಮ ನನ್ನ ಕೈಯಿಂದ ಚೊಂಬನ್ನು ತೆಗೆದುಕೊಂಡು, ಬೋರಲು ಹಾಕಿ, 'ಬೇರೆ ಪಾತ್ರೆ ಉಜ್ಜು' ಎಂದರು. ಅಷ್ಟೇ. ಬೈಯಲಿಲ್ಲ, ಕಥೆಯನ್ನೂ ಹೇಳಲಿಲ್ಲ. ಅಜ್ಜನಿಗೆ ಒಬ್ಬ ಅಕ್ಕ ಇದ್ದಳೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಅದೂ ಬೇರೆಯವರ ಬಾಯಿಂದ.

ಮುತ್ತಜ್ಜಿಯ ದಿನಚರಿಯ ಮಾತುಗಳು ಕಥೆಯ ನಡುವೆ ಬಂದಾಗಲೆಲ್ಲ ನನಗೆ ಆ ಚೊಂಬು ನೆನಪಾಗುತ್ತದೆ. ಬಿಯಾಂಕಾ ಮಾತನಾಡುವುದು ಓದುಗರಿಗೆ ಕೇಳಿಸುತ್ತದೆ, ಆ ಮನೆಯವರಿಗೆ ಕೇಳಿಸುವುದಿಲ್ಲ. ಸಸ್ಪೆನ್ಸ್ ಇರುವುದು ಅಲ್ಲೇ ಎನ್ನುತ್ತೇನೆ. ಪತ್ತೇದಾರ ಸರ್, ಕಳ್ಳ ಯಾರೆಂದು ನಮಗೆ ಗೊತ್ತು, ನಿಜ. ಬಿಯಾಂಕಾ ಯಾರೆಂದು ಅವಳ ಮರಿಮಕ್ಕಳಿಗೆ ಗೊತ್ತಾಗುತ್ತದೆಯೇ ಎಂದು ಕಾಯುತ್ತಾ ನಾನು ಪುಟ ಮಗುಚಿದೆ.

ನ್ಯೂ ಇಂಗ್ಲೆಂಡ್ ಕನ್ನಡತಿ

ನಾನಿರುವುದು ಬಾಸ್ಟನ್ ಹತ್ತಿರ. ಬಾರ್ ಹಾರ್ಬರಿಗೆ ಎರಡು ಸಲ ಹೋಗಿದ್ದೇನೆ. ಎರಡನೆಯ ಸಲ ಹೋದದ್ದು ಈ ಪುಸ್ತಕಗಳಿಗಾಗಿಯೇ.

ಊರಿನಿಂದ ಸುಮಾರು ಒಂದು ಮೈಲಿ ನಡೆದರೆ ಕಂಪಾಸ್ ಹಾರ್ಬರ್ ಎಂಬ ಜಾಗ ಸಿಗುತ್ತದೆ. ಅಕೇಡಿಯಾ ಉದ್ಯಾನವನ್ನು ಕಟ್ಟಿ ನಿಲ್ಲಿಸಿದ ಜಾರ್ಜ್ ಡೋರ್ ಅವರ ಮನೆ ಅಲ್ಲಿತ್ತು. ಈಗ ಮನೆಯಿಲ್ಲ. ಮರಗಳ ನಡುವೆ ಗ್ರಾನೈಟಿನ ಮೆಟ್ಟಿಲುಗಳು ಮಾತ್ರ ಉಳಿದಿವೆ. ಪಾಚಿ ಹತ್ತಿದ ಅಗಲವಾದ ಮೆಟ್ಟಿಲುಗಳು. ಹತ್ತುತ್ತಾ ಹೋದರೆ ಕೊನೆಯ ಮೆಟ್ಟಿಲಿನ ಆಚೆ ಏನೂ ಇಲ್ಲ, ಸ್ಪ್ರೂಸ್ ಮರಗಳು, ತರಗೆಲೆ. ಹಿಂದಿರುಗಿ ನೋಡಿದರೆ ಫ್ರೆಂಚ್‌ಮನ್ ಕೊಲ್ಲಿಯ ನೀರು. ನಾನು ಹೋದ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರಿನ ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಬಿಯಾಂಕಾ ಆ ಚಿತ್ರಕಾರನನ್ನು ಇಂಥ ಕಡೆಯೇ ಕಂಡಿರಬೇಕು ಎನಿಸಿತು.

ಇಂಥ ಮನೆಗಳನ್ನು ಅಲ್ಲಿ 'ಕಾಟೇಜ್' ಎಂದೇ ಕರೆಯುತ್ತಿದ್ದರು. ಹತ್ತಾರು ಕೋಣೆಗಳ ಅರಮನೆಗಳಿಗೆ ಗುಡಿಸಲಿನ ಹೆಸರು. 1947ರ ಅಕ್ಟೋಬರಿನಲ್ಲಿ, ಮಳೆಯಿಲ್ಲದೆ ಕಾಡೆಲ್ಲ ಒಣಗಿದ್ದಾಗ, ಬೆಂಕಿ ಬಿತ್ತು. ಹದಿನೇಳನೆಯ ತಾರೀಖು ಹೊತ್ತಿಕೊಂಡದ್ದು ಕೆಲವು ದಿನ ಅಲ್ಲೇ ಹೊಗೆಯಾಡುತ್ತಿತ್ತು. ಆಮೇಲೆ ಬಿರುಗಾಳಿ ಎದ್ದು ಊರಿನ ಕಡೆ ನುಗ್ಗಿತು. ಸಾಹುಕಾರರ ಸಾಲಿನಲ್ಲಿದ್ದ 67 ಬೇಸಿಗೆ ಬಂಗಲೆಗಳು ಸುಟ್ಟುಹೋದವು. ವರ್ಷವಿಡೀ ಅಲ್ಲೇ ಬದುಕುವವರ 170 ಮನೆಗಳೂ ಹೋದವು. ಬಂಗಲೆಗಳ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ಈ 170ರ ಲೆಕ್ಕವನ್ನು ಹೇಳುವವರು ಕಡಿಮೆ.

ಕಾದಂಬರಿಯ ಟವರ್ಸ್ ಮನೆ ಆ ಬೆಂಕಿಯಿಂದ ಉಳಿದ ಮನೆ ಎಂದು ಇಟ್ಟುಕೊಂಡು ಓದಿ ನೋಡಿ. ಕಥೆಯ ತೂಕವೇ ಬೇರೆಯಾಗುತ್ತದೆ. ಸುತ್ತಲ ಮನೆಗಳ ಗುಟ್ಟುಗಳೆಲ್ಲ ಬೂದಿಯಾದವು. ಇದೊಂದು ಮನೆಯ ಉಗ್ರಾಣದಲ್ಲಿ ಮಾತ್ರ ಕಾಗದ ಉಳಿದಿದೆ, ಬಿಲ್ಲು, ರಸೀದಿ, ಲೆಕ್ಕದ ಪುಸ್ತಕ. ಮೂರನೆಯ ಪುಸ್ತಕದ ಮ್ಯಾಕ್ಸ್ ಇತಿಹಾಸದ ಪ್ರಾಧ್ಯಾಪಕ. ತಾನು ಕೆಲಸಕ್ಕೆ ಸೇರಿರುವುದು ಕಳ್ಳನ ಬಳಿ ಎಂದು ಗೊತ್ತಾದ ಕೂಡಲೇ ಹಡಗಿನಿಂದ ಸಮುದ್ರಕ್ಕೆ ಹಾರುತ್ತಾನೆ, ಅರೆಜೀವವಾಗಿ ದಡಕ್ಕೆ ಬಂದವನನ್ನು ಲೈಲಾ ಎತ್ತಿ ಉಳಿಸುತ್ತಾಳೆ. ಆಮೇಲೆ ಅವನು ಆ ಮನೆಯ ಕಾಗದಗಳ ಮುಂದೆ ಕೂರುತ್ತಾನೆ. ನನಗೆ ಇಡೀ ಸರಣಿಯಲ್ಲಿ ತುಂಬಾ ಇಷ್ಟವಾದ ನಾಯಕ ಅವನು. ಪ್ರೀತಿಸಿದವಳ ಮನೆಯ ಹಳೆಯ ರಸೀದಿಗಳನ್ನು ಒಂದೊಂದಾಗಿ ಬಿಡಿಸಿ ಓದುವ ಗಂಡಸು.

ಇತಿಹಾಸದ ಮೇಷ್ಟ್ರು

ಕನ್ನಡತಿಯವರೇ, ಬೆಂಕಿಗೂ ಮೊದಲೇ ಆ ಬಂಗಲೆಗಳ ಕಾಲ ಮುಗಿಯುತ್ತಾ ಬಂದಿತ್ತು. ಬಿಯಾಂಕಾ ಸಾಯುವ 1913ನೇ ಇಸವಿಯಲ್ಲೇ ಅಮೆರಿಕದ ಸಂವಿಧಾನಕ್ಕೆ ಹದಿನಾರನೆಯ ತಿದ್ದುಪಡಿ ಬಂದು ಆದಾಯ ತೆರಿಗೆ ನೆಲೆಯೂರಿತು. ಆಮೇಲೆ ಯುದ್ಧ, ಆರ್ಥಿಕ ಕುಸಿತ. ಮೂರು ತಿಂಗಳ ವಾಸಕ್ಕೆ ಮೂವತ್ತು ಆಳುಗಳನ್ನು ಇಟ್ಟುಕೊಳ್ಳುವುದು ಯಾರಿಗೂ ಆಗದ ಮಾತಾಯಿತು. ಆ ವರ್ಷವನ್ನು ಲೇಖಕಿ ಇದನ್ನೆಲ್ಲ ಎಣಿಸಿಯೇ ಆರಿಸಿಕೊಂಡರೋ ಹೇಳಲಾರೆ. ಆದರೆ ಫರ್ಗಸ್‌ನ ಲೋಕ ಕುಸಿಯಲು ತೊಡಗಿದ ವರ್ಷ ಮತ್ತು ಅವನ ಹೆಂಡತಿ ಸತ್ತ ವರ್ಷ ಒಂದೇ ಆಗಿದೆ.

ಧಾರವಾಡದ ಓದುಗಿ

ಎಲ್ಲರೂ ಮನೆ, ಊರು, ತೆರಿಗೆ ಎನ್ನುತ್ತಿದ್ದೀರಿ. ನಾನು ಹಾರದ ಬಗ್ಗೆಯೇ ಮಾತನಾಡುತ್ತೇನೆ.

ಆ ಪಚ್ಚೆಹಾರವನ್ನು ಫರ್ಗಸ್ ಕೊಟ್ಟದ್ದು ಯಾವಾಗ? ಗಂಡುಮಗು ಹುಟ್ಟಿದಾಗ. ಮೊದಲು ಹುಟ್ಟಿದ ಮಗಳು ಕೊಲೀನ್‌ಗೆ ಏನೂ ಇಲ್ಲ. ಇದನ್ನು ಓದಿದಾಗ ನನಗೆ ಮೈ ಉರಿಯಿತು. ಬಿಯಾಂಕಾ ಆ ಹಾರವನ್ನು ಮಕ್ಕಳಿಗಾಗಿ ಉಳಿಸಬೇಕೆಂದುಕೊಳ್ಳುತ್ತಾಳೆ, ತನಗಾಗಿ ಅಲ್ಲ. ಅವಳ ಪಾಲಿಗೆ ಅದು ಒಡವೆಯಲ್ಲ, ಹೆತ್ತದ್ದಕ್ಕೆ ಸಿಕ್ಕ ಕೂಲಿ. ಕೂಲಿಯನ್ನು ಮಕ್ಕಳಿಗೆ ಬಿಡುವುದು ತಾಯಂದಿರು ಮಾಡಿಕೊಂಡು ಬಂದ ಕೆಲಸ.

ಹಾಗಾಗಿ 'ಪ್ರೇಮದಿಂದ ರಹಸ್ಯ ತೆಳ್ಳಗಾಗುತ್ತದೆ' ಎಂಬ ಪತ್ತೇದಾರ ಸರ್ ಮಾತನ್ನು ನಾನು ಒಪ್ಪುವುದಿಲ್ಲ. ಈ ಬಗೆಯ ಕಾದಂಬರಿಯಲ್ಲಿ ಹೆಣ್ಣು ಎದುರಿಸುವ ಭಯ ಎರಡು ಕಡೆಯಿಂದ ಬರುತ್ತದೆ. ಹೊರಗೆ ಕಳ್ಳನಿದ್ದಾನೆ. ಒಳಗೆ, ತಾನು ಪ್ರೀತಿಸುತ್ತಿರುವ ಗಂಡಸು ನಾಳೆ ಫರ್ಗಸ್ ಆಗಿಬಿಟ್ಟರೆ ಎಂಬ ಅನುಮಾನವಿದೆ. ಸುಝಾನಾಳಿಗೆ ಎರಡನೆಯದೇ ದೊಡ್ಡ ಭಯ. ಅವಳ ಗಂಡ ಬ್ಯಾಕ್ಸ್ಟರ್ ಬಂದೂಕು ಹಿಡಿದವನಲ್ಲ, ಸೂಟು ಹಾಕಿಕೊಂಡ ರಾಜಕಾರಣಿ. ಮಾತಿನಿಂದಲೇ ಅವಳನ್ನು ಸವೆಸಿದವನು. ಅವನು ಹಿಂದೆ ಇನ್ನೊಬ್ಬ ಹುಡುಗಿಗೂ ಮೋಸ ಮಾಡಿದ್ದ, ಆ ಹುಡುಗಿಯ ಅಣ್ಣನೇ ಎರಡನೆಯ ಪುಸ್ತಕದ ನಾಯಕ ಸ್ಲೋನ್ ಓರೈಲಿ. ಕ್ಯಾಲ್ಹೂನ್ ಹೆಸರು ಕೇಳಿದರೇ ಸಿಡುಕುತ್ತಾ ಆ ಮನೆಗೆ ಬರುತ್ತಾನೆ. ಕೊನೆಗೆ, ಈ ನಾಲ್ಕರ ಬಳಿಕ ಬಂದ ಐದನೆಯ ಪುಸ್ತಕದಲ್ಲಿ ಅವನ ತಂಗಿ ಮೆಗನ್ ತನ್ನ ಮಗನನ್ನು ಕರೆದುಕೊಂಡು ಅದೇ ಮನೆಗೆ ಬರುತ್ತಾಳೆ, ಸುಝಾನಾ ಅವಳನ್ನು ಸೇರಿಸಿಕೊಳ್ಳುತ್ತಾಳೆ. ಒಬ್ಬನಿಂದಲೇ ನೊಂದ ಇಬ್ಬರು ಹೆಂಗಸರ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಾರೆ. ಈ ಭಾಗಕ್ಕಾಗಿ ನಾನು ಲೇಖಕಿಗೆ ಎರಡೂ ಕೈ ಎತ್ತಿ ಮುಗಿಯುತ್ತೇನೆ.

ಹೋಲ್ಟ್ ಯಾರು ನೆನಪಿದೆಯೇ? ಆ ಚಿತ್ರಕಾರ ಕ್ರಿಶ್ಚಿಯನ್‌ನ ಮೊಮ್ಮಗ. ಅವನನ್ನು ನಂಬಬಹುದೇ ಎಂದು ಸುಝಾನಾ ಯೋಚಿಸುವ ಪ್ರತಿ ಪುಟವೂ ಸಸ್ಪೆನ್ಸೇ, ಸರ್.

ಬ್ರಾಂಕ್ಸ್ ಕಥೆಗಳ ಅಭಿಮಾನಿ

ಚರ್ಚೆಗೆ ತಡವಾಗಿ ಬಂದೆ. ಐರಿಶ್ ಅಮೆರಿಕನ್ ಮನೆಯ ನಿಜವಾದ ಉಸಿರು ಬೇಕಾದವರು ರಹಸ್ಯ ಕಾದಂಬರಿಗಾರ್ತಿ ಮೇರಿ ಹಿಗಿನ್ಸ್ ಕ್ಲಾರ್ಕ್ ಅವರ ಕಡೆಗೂ ನೋಡಬೇಕು. 1927ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ತಂದೆ ಐರ್ಲೆಂಡಿನಿಂದ ಬಂದು ಪಬ್ ನಡೆಸುತ್ತಿದ್ದವರು. ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡರು. ತಾಯಿ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಮಕ್ಕಳನ್ನು ಬೆಳೆಸಿದರು. 1964ರಲ್ಲಿ ಗಂಡನೂ ತೀರಿಕೊಂಡಾಗ ಈಕೆಯ ಮಡಿಲಲ್ಲಿ ಐದು ಮಕ್ಕಳು. ಬೆಳಿಗ್ಗೆ ಐದಕ್ಕೆ ಎದ್ದು ಏಳರವರೆಗೆ ಅಡುಗೆಮನೆಯ ಮೇಜಿನ ಮೇಲೆ ಬರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ಕೆಲಸಕ್ಕೆ ಹೋಗುತ್ತಿದ್ದರು. 1975ರಲ್ಲಿ ಬಂದ ಅವರ ಮೊದಲ ರಹಸ್ಯ ಕಾದಂಬರಿಯಲ್ಲಿ ಹಿತ್ತಲಲ್ಲಿ ಆಡುತ್ತಿದ್ದ ಎರಡು ಮಕ್ಕಳು ಕಾಣೆಯಾಗುತ್ತಾರೆ. ತಾಯಿಗೆ ಸಿಗುವುದು ಉಯ್ಯಾಲೆಗೆ ಸಿಕ್ಕಿಕೊಂಡ ಒಂದು ಕೆಂಪು ಕೈಗವಸು. ಪಚ್ಚೆಯಲ್ಲ, ಅರಮನೆಯಲ್ಲ, ಒಂದು ಉಣ್ಣೆಯ ಕೈಗವಸು. ಅದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಮಲಗಿದ್ದ ಮಗಳನ್ನು ನೋಡಿ ಬಂದೆ.

2011ರಲ್ಲಿ ನ್ಯೂಯಾರ್ಕಿನಲ್ಲಿ ಐರಿಶರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಯ ಮುಂದಾಳಾಗಿ ನಡೆದವರು ಇವರೇ. ಮೇಷ್ಟ್ರು ಹೇಳಿದ ಹಿಂಬಾಗಿಲಿನ ಐರಿಶ್ ಲೋಕವನ್ನು ಬದುಕಿ ಬಂದವರು. ಅದಕ್ಕೇ ಅವರ ಕಥೆಗಳಲ್ಲಿ ಭಯ ಯಾವಾಗಲೂ ಮನೆಗೆಲಸದ ನಡುವೆ ಬರುತ್ತದೆ, ಒಲೆಯ ಮೇಲೆ ಪಾತ್ರೆ ಇರುವಾಗ. ರಾಬರ್ಟ್ಸ್ ಅವರ ಗೋಪುರ ನನಗೆ ಸ್ವಲ್ಪ ಎತ್ತರವಾಯಿತು.

ಅನುವಾದಕ್ಕೆ ಕೂತವಳು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಈಗ ನನ್ನ ಕಷ್ಟವನ್ನೂ ಹೇಳಿಕೊಳ್ಳುತ್ತೇನೆ. ನನ್ನ ಖುಷಿಗಾಗಿ ಮಾತ್ರ, ಅಚ್ಚಿಗಲ್ಲ, ಈ ಸರಣಿಯ ಕೆಲವು ಅಧ್ಯಾಯಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ.

ಮೊದಲ ಪುಟದಲ್ಲೇ ನಿಂತೆ. ಇಂಗ್ಲಿಷಿನಲ್ಲಿ ಕೋಕೋ 'ಆಂಟ್'. ಕನ್ನಡದಲ್ಲಿ ಅತ್ತೆಯೋ, ಚಿಕ್ಕಮ್ಮನೋ, ದೊಡ್ಡಮ್ಮನೋ? ಅವಳು ಹುಡುಗಿಯರ ತಂದೆಯ ಒಡಹುಟ್ಟಿದವಳು, ಹುಟ್ಟಾ ಕ್ಯಾಲ್ಹೂನ್. ಅಂದರೆ ಸೋದರತ್ತೆ. 'ಕೋಕೋ ಅತ್ತೆ' ಎಂದು ಬರೆದ ಕೂಡಲೇ ನನಗೆ ಅವಳು ಬೇರೆಯಾಗಿ ಕಂಡಳು. ಅಣ್ಣ ತೀರಿಕೊಂಡ ಮೇಲೆ ತವರಿನ ಹೆಣ್ಣುಮಕ್ಕಳನ್ನು ಬಿಡದೆ ಕಾದ ಅತ್ತೆ. ಬಿಯಾಂಕಾ ಅವಳಿಗೆ ತಂದೆಯ ತಾಯಿ, ಸ್ವಂತ ಅಜ್ಜಿ. ಮೊದಲ ಪುಸ್ತಕದಲ್ಲಿ ಅವಳು ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಸತ್ತವರನ್ನು ಕರೆಯುವ ಪ್ರಸಂಗವಿದೆಯಲ್ಲ, ಕ್ಯಾಥರಿನ್‌ಗೆ ಹಾರ ಕಣ್ಣಿಗೆ ಕಟ್ಟುವುದು? ಅದನ್ನು ನಾನು ಹಿಂದೆ ತಮಾಷೆ ಎಂದುಕೊಂಡಿದ್ದೆ. ಅತ್ತೆ ಎಂದು ಬರೆದ ಮೇಲೆ ತಮಾಷೆ ಅನ್ನಿಸಲಿಲ್ಲ. ತಾನು ಎಂದೂ ಕಾಣದ ಅಜ್ಜಿಯನ್ನು ಅವಳು ಕರೆಯುತ್ತಿದ್ದಾಳೆ.

ಕೊಲೀನ್ ಇನ್ನೂ ಕಷ್ಟ. ಬಿಯಾಂಕಾಳ ಮಗಳು, ನಾಲ್ಕನೆಯ ಪುಸ್ತಕದಲ್ಲಿ ದಿಢೀರನೆ ಬಂದು ಎಲ್ಲರನ್ನೂ ಗದರಿಸುವ ಮುದುಕಿ. ಹುಡುಗಿಯರಿಗೆ ಅಜ್ಜನ ಸೋದರಿ. 'ಕೊಲೀನಜ್ಜಿ' ಎಂದೇ ಬರೆದೆ. ತಾಯಿ ಸತ್ತಾಗ ಆ ಮನೆಯಲ್ಲಿದ್ದ ಮಗು ಅವಳು. ಅವಳು ಬಾಯಿ ಬಿಡುವ ಪುಟಗಳನ್ನು ಇನ್ನೂ ಮುಟ್ಟಿಲ್ಲ, ಧೈರ್ಯ ಬರುತ್ತಿಲ್ಲ.

ಮನೆಯ ಹೆಸರಿಗೆ ಸಲಹೆ ಬೇಕು. ಗೋಪುರ ಎಂದರೆ ನಮಗೆ ದೇವಸ್ಥಾನ ಕಣ್ಣಿಗೆ ಬರುತ್ತದೆ. ಬುರುಜು ಎಂದರೆ ಕೋಟೆ.

ಧಾರವಾಡದ ಓದುಗಿ

ಬುರುಜೇ ಇರಲಿ ಅಕ್ಕಾ. ಬಿಯಾಂಕಾಳಿಗೆ ಅದು ಕೋಟೆಯೇ ಆಗಿತ್ತು.

ತುಂಗಾತೀರದವಳು

'ಬುರುಜಿನ ಮನೆ' ನನಗೂ ಹಿಡಿಸಿತು. ಬ್ರಾಂಕ್ಸ್ ಅಭಿಮಾನಿಗಳೇ, ಕೆಂಪು ಕೈಗವಸಿನ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು, ಆ ಪುಸ್ತಕವನ್ನು ಹುಡುಕುತ್ತೇನೆ. ಆದರೆ ಕ್ಯಾಲ್ಹೂನ್ ಮನೆಯಲ್ಲೂ ಒಲೆಯಿದೆ, ಕೋಕೋ ಅತ್ತೆ ಅದರ ಮುಂದೆಯೇ ಇರುತ್ತಾಳೆ. ಗೋಪುರ ಎತ್ತರವಾಗಿರಬಹುದು, ಹೆಂಗಸರು ಮಾತನಾಡಿಕೊಳ್ಳುವುದು ಕೆಳಗಿನ ಅಡುಗೆಮನೆಯಲ್ಲೇ.

ಅನುವಾದಕಿಯವರೇ, ಕೊಲೀನಜ್ಜಿಯ ಪುಟಗಳಾದ ಮೇಲೆ ನನಗೊಂದು ಪ್ರತಿ ಕಳಿಸುತ್ತೀರಾ? ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಸಂಜೆ ಹೊತ್ತು ಬಾಯಲ್ಲೇ ಕಥೆ ಹೇಳುತ್ತಾ ಬಂದಿದ್ದೇನೆ, ಮೂರನೆಯದರ ಅರ್ಧಕ್ಕೆ ತಲುಪಿದ್ದೇವೆ. ನಿನ್ನೆ ನಡುವೆ ತಡೆದು ಕೇಳಿದರು: 'ಆ ಹೆಂಗಸು ಸತ್ತಾಗ ಮಕ್ಕಳಿಗೆ ಏನು ಹೇಳಿದರಂತೆ?' ಗೊತ್ತಿದ್ದರೂ ನಾನು ಹೇಳಲಿಲ್ಲ. ಅದನ್ನು ಅವರು ಕೊಲೀನಜ್ಜಿಯ ಬಾಯಿಂದಲೇ ಕೇಳಲಿ.

ಅನುವಾದಕ್ಕೆ ಕೂತವಳು

ಕಳಿಸುತ್ತೇನೆ. ಇವತ್ತು ರಾತ್ರಿ ಆ ಪುಟಗಳಿಗೇ ಕೂರುತ್ತೇನೆ.

ಹಳೇ ಪತ್ತೇದಾರ

ನಾಲ್ಕು ದಿನದಿಂದ ಎಲ್ಲರ ಮಾತನ್ನೂ ಓದುತ್ತಿದ್ದೇನೆ. ಕಳ್ಳನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಅವನನ್ನು ಇನ್ನೂ ಜಾಣತನದಿಂದ ಅಡಗಿಸಬಹುದಿತ್ತು. ಆದರೆ ನಾನು ಹುಡುಕಬೇಕಾದ ಜಾಗ ಬೇರೆ ಇತ್ತು ಎಂಬುದನ್ನು ಒಪ್ಪುತ್ತೇನೆ. ಮಗು ಕೊಲೀನ್ ಆ ಮನೆಯಲ್ಲಿದ್ದಳು ಎಂಬುದೇ ಒಂದು ಸುಳಿವು. ಸಾಕ್ಷಿ ಬದುಕಿರುವಾಗ ನಾನು ಎರಡನೆಯ ಪುಸ್ತಕಕ್ಕೇ ಎದ್ದುಬಿಟ್ಟೆ.

ಪುಸ್ತಕದಂಗಡಿಯವರೇ, ಮೂರು ಮತ್ತು ನಾಲ್ಕು ನಿಮ್ಮಲ್ಲಿದ್ದರೆ ತೆಗೆದಿಡಿ. ಶನಿವಾರ ಬರುತ್ತೇನೆ.

ಹಳೆ ಪುಸ್ತಕದಂಗಡಿ

ಎರಡೂ ಇವೆ ಸರ್. ನಾಲ್ಕನೆಯದರ ಹೊದಿಕೆ ಹರಿದಿದೆ, ಹಿಂದಿನ ಓದುಗರು ಯಾರೋ ಕೊನೆಯ ಅಧ್ಯಾಯದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಪುಟಗಳು ಮಾತ್ರ ಎಲ್ಲವೂ ಸರಿಯಾಗಿವೆ, ಎಣಿಸಿ ನೋಡಿದೆ.